ರಾಹುಕಾಲ ಬಿಟ್ಟು ಉಳಿದ ಹೊತ್ತು

ನಮ್ಮ ಕಾಲೇಜಿಗೆ ಸ್ವಾಯತ್ತತೆ ಸಿಕ್ಕಿದ ಮೇಲೆ ಮೊದಲು ಗೇಟಿಗೆ ಹೊಸ ಬಣ್ಣ ಬಂತು, ಆಮೇಲೆ ‘ಸ್ವಯಂ ನಿರ್ದೇಶಿತ ಟ್ಯುಟೋರಿಯಲ್’ ಬಂತು. ಐದನೇ ಸೆಮಿಸ್ಟರ್‌ನವರನ್ನೆಲ್ಲ ಸೆಮಿನಾರ್ ಹಾಲಿನಲ್ಲಿ ಕೂರಿಸಿ ಅದರ ಸಂಯೋಜಕಿ ವಾಣಿ ಮೇಡಂ ವಿವರಿಸಿದರು. ಈ ಪತ್ರಿಕೆಗೆ ಪಾಠ ಇಲ್ಲ, ನೋಟ್ಸ್ ಇಲ್ಲ, ಸಿಲಬಸ್ ಇಲ್ಲ. ವಿಷಯ ಆರಿಸುವುದು ವಿದ್ಯಾರ್ಥಿಯ ಜವಾಬ್ದಾರಿ. ಓದುವುದು, ಪ್ರಶ್ನೆ ಹಾಕಿಕೊಳ್ಳುವುದು, ಉತ್ತರ ಹುಡುಕುವುದು ವಿದ್ಯಾರ್ಥಿಯ ಜವಾಬ್ದಾರಿ. ವಾರಕ್ಕೊಮ್ಮೆ ಮೆಂಟರನ್ನು ಕಾಣಲು ವೇಳೆ ಗೊತ್ತುಮಾಡುವುದೂ ವಿದ್ಯಾರ್ಥಿಯದೇ ಜವಾಬ್ದಾರಿ. ಹಾಗಾದರೆ ಮೆಂಟರ್ ಏನು ಮಾಡುತ್ತಾರೆ ಎಂದು ಹಿಂದಿನ ಬೆಂಚಿನಿಂದ ಕಶ್ಯಪ್ ಕೇಳಿದ. ಮೇಡಂ ಸ್ವಲ್ಪ ಯೋಚಿಸಿ, ಇರುತ್ತಾರೆ ಎಂದರು.

ನನಗೆ ಸಿಕ್ಕಿದವರು ಸಮಾಜಶಾಸ್ತ್ರದ ಚಿದಂಬರ ಸರ್. ಚಾಮರಾಜಪೇಟೆಯವರು, ಮದುವೆಯಾಗಿಲ್ಲ, ಹೋದ ವರ್ಷ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ಮೌಢ್ಯದ ವಿರುದ್ಧ ಲೇಖನ ಬರೆಯುತ್ತಾರೆ, ಟೀವಿಯ ಚರ್ಚೆಗಳಲ್ಲಿ ಜ್ಯೋತಿಷಿಗಳ ಜೊತೆ ಕಿತ್ತಾಡುತ್ತಾರೆ. ಗ್ರಹಣ ಬಂದರೆ ಕಾಲೇಜಿನ ಮೆಟ್ಟಿಲ ಮೇಲೆ ಎಲ್ಲರಿಗೂ ಬೋಂಡ ಕೊಡಿಸಿ, ತಾವೂ ತಿಂದು, ಫೋಟೋ ತೆಗೆಸಿಕೊಳ್ಳುತ್ತಾರೆ. ವಿದ್ಯಾರ್ಥಿಗಳನ್ನೂ ಬಹುವಚನದಲ್ಲಿ ಕರೆಯುವಷ್ಟು ಪ್ರಜಾಪ್ರಭುತ್ವವಾದಿ. ನಾವು ಏನಾದರೂ ದಡ್ಡತನದ ಮಾತಾಡಿದರೆ ಅದನ್ನೂ ಬಹುವಚನದಲ್ಲೇ ಹೇಳುತ್ತಾರೆ.

ತಮ್ಮ ಮನೆತನದ ಹಿರಿಯರು ಲಗ್ನ ಮುಹೂರ್ತಗಳನ್ನೆಲ್ಲ ಶತಮಾನಗಳ ಹಿಂದೆಯೇ ಬೀದಿಗೆಸೆದಿದ್ದರು, ಆಮೇಲಿನವರು ಒಂದೊಂದನ್ನೇ ಹೆಕ್ಕಿ ಮತ್ತೆ ಒಳಗೆ ತಂದುಕೊಂಡರು ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದರು. ಹೆಕ್ಕಿಕೊಂಡವರಿಗೆ ಉದಾಹರಣೆ ಅವರ ತಾಯಿ ದಾಕ್ಷಾಯಣಮ್ಮ. ಆ ತಾಯಿ ರಾಹುಕಾಲದಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಕತ್ತರಿಸುತ್ತಿರಲಿಲ್ಲವಂತೆ. ಮಗ ಸಂದರ್ಶನಕ್ಕೆ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರಂತೆ, ಮಗ ಹಿತ್ತಲ ಕಡೆಯಿಂದ ಹೋಗುತ್ತಿದ್ದರಂತೆ. ಇದನ್ನು ಸರ್ ತಾಯಿಯ ದನಿಯಲ್ಲೇ ಮಾಡಿ ತೋರಿಸುವಾಗ ಇಡೀ ತರಗತಿ ಬಿದ್ದು ಬಿದ್ದು ನಗುತ್ತಿತ್ತು. ತಾಯಿ ತೀರಿಕೊಂಡ ಮೇಲೂ ಕಥೆ ಹೇಳುವುದನ್ನು ಅವರು ಬಿಡಲಿಲ್ಲ. ದನಿ ಮಾಡುವುದನ್ನು ಮಾತ್ರ ಬಿಟ್ಟರು.

ಇಂಥ ಮೆಂಟರ್ ಸಿಕ್ಕಾಗ ವಿಷಯ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ಮನೆಯಲ್ಲಿ ಆಂಡಾಳಜ್ಜಿ ಇದ್ದಾಳೆ, ಅಪ್ಪನ ತಾಯಿ. ಅವಳ ಕೋಣೆಯಲ್ಲಿ ಕ್ಯಾಲೆಂಡರ್ ತೂಗುಹಾಕಿರುವುದು ತಾರೀಕು ನೋಡುವುದಕ್ಕಲ್ಲ. ಯಾವ ದಿನ ಯಾವ ಹೊತ್ತಿನಲ್ಲಿ ನಾವು ಮನೆಯೊಳಗೆ ಬಿದ್ದಿರಬೇಕು ಎನ್ನುವುದಕ್ಕೆ. ನಾನು ಹುಟ್ಟುವಾಗಲೂ ಆಪರೇಷನ್ನನ್ನು ಒಂದಿಷ್ಟು ತಡೆಯಿರಿ ಎಂದು ಡಾಕ್ಟರನ್ನು ಕೇಳಿದ್ದಳಂತೆ. ಡಾಕ್ಟರು ಆಗಲೇ ತಡೆದಿದ್ದರಂತೆ, ಅವರ ಮನೆಯಲ್ಲೂ ಕ್ಯಾಲೆಂಡರ್ ಇತ್ತು. ‘ಇಂದಿನ ಬೆಂಗಳೂರಿನಲ್ಲಿ ರಾಹುಕಾಲ: ಓದಿದವರ ನಡವಳಿಕೆ’ ಎಂದು ವಿಷಯ ಬರೆದು ಕೊಟ್ಟೆ. ಸರ್ ಖುಷಿಯಾಗಿ ಎರಡು ಸಲ ಓದಿದರು.

ಅವರನ್ನು ಎಷ್ಟು ಆಡಿಕೊಂಡರೂ ಒಂದು ಮಾತು ಒಪ್ಪಬೇಕು, ಕಲಿಸುವುದು ಅವರಿಗೆ ಬರುತ್ತಿತ್ತು. ನಾನು ಮೂವತ್ತು ಪ್ರಶ್ನೆಗಳ ಒಂದು ಹಾಳೆ ತಯಾರಿಸಿಕೊಂಡು ಹೋಗಿದ್ದೆ. ನೀವು ರಾಹುಕಾಲವನ್ನು ನಂಬುತ್ತೀರಾ, ಹೌದು, ಇಲ್ಲ, ಸ್ವಲ್ಪಮಟ್ಟಿಗೆ, ಹೀಗೆ. ಅವರು ಅದನ್ನು ನಾಜೂಕಾಗಿ ಮಡಚಿ ನನಗೇ ವಾಪಸ್ ಕೊಟ್ಟರು.

“ಜನ ಏನು ಹೇಳ್ತಾರೆ ಅಂತ ಬರ್ಕೊಂಡು ಏನ್ಮಾಡ್ತೀರಿ? ಯಾವಾಗ ಎದ್ದು ಹೊರಡ್ತಾರೆ ಅನ್ನೋದು ನೋಡಿ. ಕೇಳಿದ್ರೆ ಎಲ್ರೂ ವಿಚಾರವಾದಿಗಳೇ.”

ನೋಡಲು ಹೋದೆ. ಒಂದು ಶನಿವಾರ ಬೆಳಿಗ್ಗೆ ಮೆಟ್ರೊ ಹತ್ತಿ ಮಲ್ಲೇಶ್ವರಕ್ಕೆ ಹೋಗಿ ಸಂಪಿಗೆ ರಸ್ತೆಯ ಹತ್ತಿರದ ಬೈಕ್ ಶೋರೂಮಿನ ಎದುರು ನಿಂತೆ. ಒಳಗೆ ಹಾರ ಹಾಕಿದ ಬೈಕುಗಳು ಸಾಲಾಗಿ ನಿಂತಿದ್ದವು, ಚಕ್ರದ ಕೆಳಗೆ ನಿಂಬೆಹಣ್ಣೂ ಕೂತಿತ್ತು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ಮೂವರು ಹುಡುಗರು ಕೀಲಿ ಕೈಯಲ್ಲಿ ಹಿಡಿದು, ಹೆಲ್ಮೆಟ್ ತೊಟ್ಟು, ಕಾಫಿಯ ಮೇಲೆ ಕಾಫಿ ಕುಡಿಯುತ್ತ ಗಡಿಯಾರ ನೋಡುತ್ತಿದ್ದರು. ಮಾತಾಡಿಸಿದರೆ ಒಬ್ಬೊಬ್ಬರೂ ನಕ್ಕರು. ಒಬ್ಬ ಕೃತಕ ಬುದ್ಧಿಮತ್ತೆಯ ಎಂಜಿನಿಯರ್, ಸ್ವಂತ ಬುದ್ಧಿಯ ವಿಷಯ ನಾನು ಕೇಳಲಿಲ್ಲ.

“ನಂಗೇನ್ ನಂಬಿಕೆ ಇಲ್ಲ ಮೇಡಂ,” ಎಂದ ಅವನು. “ಮನೇಲಿ ಹೇಳ್ತಾರೆ.”

ಉಳಿದ ಇಬ್ಬರೂ ಅದನ್ನೇ ಹೇಳಿದರು. ಆಮೇಲೆ ನಾನು ಎಲ್ಲಿ ಹೋದರೂ ಅದೇ ಮಾತು. ಚಾಮರಾಜಪೇಟೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಮರದ ಕೆಳಗೆ ಕಾಯುತ್ತಿದ್ದ ವಕೀಲರು, ವಿ.ವಿ. ಪುರಂನ ಹೊಸ ಅಂಗಡಿಯ ಮುಂದೆ ಕತ್ತರಿ ಹಿಡಿದು ರಿಬ್ಬನ್ ಮುಟ್ಟದೆ ನಿಂತ ಆರ್ಕಿಟೆಕ್ಟು, ಎಲ್ಲರಿಗೂ ಮನೆಯಲ್ಲಿ ಹೇಳುತ್ತಾರೆ. ಇಷ್ಟೊಂದು ಬುದ್ಧಿವಂತರ ಮನೆಗಳಲ್ಲಿ ಹೇಳುವವರು ಯಾರು ಎಂದು ನೋಡಿದರೆ ಆ ಮನೆಯವರೂ ತಮಗೆ ನಂಬಿಕೆಯಿಲ್ಲ, ದೊಡ್ಡವರು ಹೇಳುತ್ತಾರೆ ಎನ್ನುತ್ತಿದ್ದರು. ಹೌದಪ್ಪ ನಾನೇ ಹೇಳೋದು ಎಂದು ಒಪ್ಪಿಕೊಂಡ ಏಕೈಕ ವ್ಯಕ್ತಿ ನಮ್ಮ ಅಜ್ಜಿ. ಪ್ರಾಮಾಣಿಕತೆಗೆ ಮಾರ್ಕ್ಸ್ ಇದ್ದಿದ್ದರೆ ಪದವಿಯನ್ನು ಅವಳಿಗೇ ಕೊಡಬಹುದಿತ್ತು.

ಈ ನಡುವೆ ನನ್ನ ಇನ್ನೊಂದು ಜವಾಬ್ದಾರಿ, ಅಂದರೆ ಮೆಂಟರ್ ಭೇಟಿಯ ವೇಳೆ ಗೊತ್ತುಮಾಡುವುದು, ಜೀವ ತಿನ್ನುತ್ತಿತ್ತು. ಯಾವಾಗ ಬೇಕಾದರೂ ಸಿಗುತ್ತೇನೆ ಎಂದು ಮೊದಲ ದಿನ ಸರ್ ಹೇಳಿದ್ದರು. ಗುರುವಾರ ಊಟದ ಮೇಲೆ ಬರಲಾ ಎಂದರೆ ವಿಭಾಗದ ಮೀಟಿಂಗು. ಬುಧವಾರ ಮಧ್ಯಾಹ್ನ ಎಂದರೆ ಅವರಿಗೆ ಶುಗರ್, ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಮಂಗಳವಾರ ಮೂರರ ಮೇಲೆ ಎಂದರೆ ಟೀವಿಯವರು ಕರೆದಿದ್ದಾರೆ. ಶುಕ್ರವಾರ ಬೆಳಿಗ್ಗೆ ಎಂದರೆ ಬ್ಯಾಂಕು, ಮರುವಾರದ ಶುಕ್ರವಾರ ಹಲ್ಲಿನ ಡಾಕ್ಟರು. ಬೇರೆ ಹೊತ್ತಿನಲ್ಲಿ ಕೇಳಿದರೆ ಮನುಷ್ಯ ಕುರ್ಚಿ ಎಳೆದು ಕೂರಿಸಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ದೊಡ್ಡವರಿಗೆ ನೂರೆಂಟು ಕೆಲಸ ಎಂದುಕೊಂಡು ನಾನು ನನ್ನ ಬೇರೆ ತರಗತಿಗಳನ್ನೇ ತಪ್ಪಿಸಿ ಅವರ ಬಿಡುವಿಗೆ ಹೊಂದಿಕೊಂಡೆ. ಅದೂ ನನ್ನ ಜವಾಬ್ದಾರಿಯೇ ಇರಬೇಕು.

ಒಂದು ಸಂಜೆ ಅಜ್ಜಿ ಹೂ ಕಟ್ಟುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಈ ಗೋಳನ್ನೆಲ್ಲ ಹೇಳಿಕೊಂಡೆ. ಯಾವ ವಾರ ಯಾವ ಹೊತ್ತು ಎಂದು ಅವಳು ಒಂದೊಂದಾಗಿ ಕೇಳಿ ತಲೆಯಾಡಿಸಿದಳು. ಅವಳ ಮುಖದಲ್ಲಿ ಕಂಡದ್ದು ಅಪಾರ ಗೌರವ.

“ನಿಮ್ಮ ಮೇಷ್ಟ್ರು ಒಳ್ಳೇ ಸಂಪ್ರದಾಯಸ್ಥರು ಕಣೇ,” ಎಂದಳು. “ಒಂದು ರಾಹುಕಾಲಾನೂ ತಪ್ಪಿ ಒಪ್ಕೊಂಡಿಲ್ಲ ನೋಡು. ಈಗಿನ ಕಾಲ್ದಲ್ಲಿ ಯಾರಿದಾರೆ ಹಾಗೆ?”

ನಾನು ಎದ್ದು ಹೋಗಿ ಅವಳ ಕ್ಯಾಲೆಂಡರ್ ನೋಡಿದೆ. ನಿಜವಾಗಿತ್ತು. ಗ್ರಹಣದ ಬೋಂಡ ತಿನ್ನುವ ಚಿದಂಬರ ಸರ್ ಇಡೀ ಸೆಮಿಸ್ಟರ್ ನನ್ನನ್ನು ರಾಹುಕಾಲ ಬಿಟ್ಟು ಉಳಿದ ಹೊತ್ತಿನಲ್ಲಷ್ಟೇ ಕಂಡಿದ್ದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ರಾತ್ರಿ ನಿದ್ದೆಯಲ್ಲೂ ನಕ್ಕೆನೆಂದು ಅಮ್ಮ ಹೇಳಿದಳು.

ಸಂತೋಷ ಮಾಸಿದ ಮೇಲೆ ಭಯ ಶುರುವಾಯಿತು. ಈ ಪತ್ರಿಕೆಯ ಅರ್ಧ ಅಂಕಗಳು ಮೆಂಟರ್ ಕೈಯಲ್ಲಿ. ಇದರಲ್ಲಿ ಫೇಲಾದರೆ ಮುಂದಿನ ವರ್ಷ ಕಿರಿಯರ ಪಕ್ಕ ಕೂತು ಮತ್ತೆ ಮೊದಲಿನಿಂದ ಸ್ವಯಂ ನಿರ್ದೇಶಿಸಿಕೊಳ್ಳಬೇಕು, ಪದವಿಯೂ ಒಂದು ವರ್ಷ ಮುಂದಕ್ಕೆ. ಕಂಡದ್ದನ್ನು ಬರೆದರೆ ನನ್ನ ಗತಿ ಏನು? ಬರೆಯದಿದ್ದರೆ ಬೈಕ್ ಶೋರೂಮಿನ ಹುಡುಗರನ್ನು ಆಡಿಕೊಳ್ಳುವುದಕ್ಕೆ ನನಗೆ ಯಾವ ಹಕ್ಕಿದೆ? ಕಶ್ಯಪನನ್ನು ಕೇಳಿದೆ. ಅವನ ಟ್ಯುಟೋರಿಯಲ್ ವಿಷಯ ಗಾಂಧಿಬಜಾರಿನ ದೋಸೆ, ಅವನ ಮೆಂಟರ್ ಎರಡು ತಿಂಗಳಿಂದ ಅವನ ಜೊತೆ ದೋಸೆ ತಿನ್ನುತ್ತಿದ್ದರು.

“ಸುಮ್ನೆ ಮುಚ್ಕೊಂಡ್ ಪಾಸಾಗು ಗುರು,” ಎಂದ.

ಅವನ ಸಲಹೆಯಂತೆ ವರದಿಯಲ್ಲಿ ವಕೀಲರು, ಎಂಜಿನಿಯರುಗಳು, ಆರ್ಕಿಟೆಕ್ಟನ್ನು ಇಟ್ಟುಕೊಂಡು ಮೇಷ್ಟರನ್ನು ಬಿಟ್ಟೆ. ಸರ್ ಅದನ್ನು ಓದಿ, ಚೆನ್ನಾಗಿದೆ, ನಿರ್ಭೀತವಾಗಿದೆ ಎಂದರು.

ಆಗ ವಾಣಿ ಮೇಡಂ ಅಂತಿಮ ಮಂಡನೆಯ ವೇಳಾಪಟ್ಟಿ ಹಾಕಿದರು. ನನ್ನದು ಶುಕ್ರವಾರ ಬೆಳಿಗ್ಗೆ ಹತ್ತೂವರೆ. ರಾಹುಕಾಲ ಶುರುವಾಗುವುದೂ ಆಗಲೇ, ಮುಗಿಯುವುದು ಹನ್ನೆರಡಕ್ಕೆ. ಸರ್ ಮೊದಲು ಹಲ್ಲಿನ ಡಾಕ್ಟರನ್ನು ಮುಂದೆ ಮಾಡಿದರು. ಮೇಡಂ ಜಗ್ಗಲಿಲ್ಲ, ಹಾಲ್ ಬೇರೆ ಹೊತ್ತಿನಲ್ಲಿ ಖಾಲಿ ಇಲ್ಲ, ಹೊರಗಿನ ಪರೀಕ್ಷಕರು ಅವತ್ತೇ ಬರುವುದು ಎಂದರು. ಮಧ್ಯಾಹ್ನಕ್ಕೆ ಹಾಕಿಸಿಕೊಳ್ಳಲು ಆಗುತ್ತಾ ವಿಚಾರಿಸಿ, ಅದು ವಿದ್ಯಾರ್ಥಿಯ ಜವಾಬ್ದಾರಿಯಲ್ಲವೇ ಎಂದು ಸರ್ ನನ್ನನ್ನೇ ಎರಡು ಸಲ ಓಡಿಸಿದರು. ನಾನು ಮುಗ್ಧಳಂತೆ ಹೋಗಿ ಮುಗ್ಧಳಂತೆ ಬಂದೆ. ನಿಜ ಹೇಳಬೇಕೆಂದರೆ ಅವರ ಒದ್ದಾಟ ನೋಡುವುದರಲ್ಲಿ ಮಜಾ ಇತ್ತು.

ಮನೆಯಲ್ಲಿ ವಿಷಯ ತಿಳಿದಾಗ ಅಜ್ಜಿ ಒದ್ದಾಡಲಿಲ್ಲ. ಅವಳ ಹತ್ತಿರ ಎಲ್ಲದಕ್ಕೂ ಒಂದು ಅಡ್ಡದಾರಿ ಇರುತ್ತದೆ. ಕೆಟ್ಟ ಹೊತ್ತಿನಲ್ಲಿ ಹೊರಡಲೇಬೇಕಾದರೆ ಪರಸ್ತಾನ ಇಡಬೇಕಂತೆ. ಅಂದರೆ ಆ ಹೊತ್ತು ಶುರುವಾಗುವ ಮುಂಚೆಯೇ ನಮ್ಮ ಚೀಲವನ್ನೋ ಕೊಡೆಯನ್ನೋ ಮುಂದಾಗಿ ಕಳಿಸಿಬಿಡುವುದು. ಸಾಮಾನು ಒಳ್ಳೆಯ ಹೊತ್ತಿನಲ್ಲಿ ಹೊರಟಿದ್ದರಿಂದ ನಾವೂ ಆಗಲೇ ಹೊರಟ ಲೆಕ್ಕ. ಹಿಂದೆ ದೂರದ ಪ್ರಯಾಣಕ್ಕೆ ಪಕ್ಕದ ಮನೆಯಲ್ಲಿ ಟ್ರಂಕು ಇಟ್ಟುಬರುತ್ತಿದ್ದರಂತೆ. ಗ್ರಹಗಳಿಗೆ ಹೀಗೆ ಸುಲಭವಾಗಿ ಟೋಪಿ ಹಾಕಬಹುದಾದರೆ ಅವಕ್ಕೆ ಹೆದರುವುದೇಕೆ ಎಂದು ಕೇಳಿದೆ. ಅಜ್ಜಿ ನನ್ನನ್ನು ಕನಿಕರದಿಂದ ನೋಡಿ ಹೂವಿನ ಎಳೆ ಎಳೆದಳು.

ಶುಕ್ರವಾರ ನಾನು ಬೇಗನೆ ಹೊರಟೆ. ಪ್ರೊಜೆಕ್ಟರ್ ಸರಿಯಿದೆಯೇ ನೋಡಬೇಕಿತ್ತು. ಹಾಲಿನ ಬಾಗಿಲು ಆಗಷ್ಟೇ ತೆಗೆದಿದ್ದರು, ಒಳಗೆ ಯಾರೂ ಇರಲಿಲ್ಲ. ಮುಂದಿನ ಸಾಲಿನ ಮಧ್ಯದ ಕುರ್ಚಿಯ ಮೇಲೆ ಮಾತ್ರ ಒಂದು ಕಂದು ಚರ್ಮದ ಬ್ಯಾಗು ಒಬ್ಬಂಟಿಯಾಗಿ ಕೂತಿತ್ತು. ಅದರ ಹಿಡಿಕೆಗೆ ಹಾಕಿದ್ದ ದಪ್ಪ ಹೊಲಿಗೆ ಇಡೀ ಕಾಲೇಜಿಗೆ ಪರಿಚಿತ. ನನಗೆ ನಗು ತಡೆಯಲಾಗಲಿಲ್ಲ. ನನ್ನ ಬ್ಯಾಗನ್ನು ಅದರ ಪಕ್ಕದಲ್ಲಿಟ್ಟು, ಪ್ರೊಜೆಕ್ಟರ್ ನೋಡಿ, ಕ್ಯಾಂಟೀನಿಗೆ ಹೋದೆ. ಬ್ಯಾಗಿನ ಯಜಮಾನರು ಅಲ್ಲಿ ಮೂಲೆಯಲ್ಲಿ ಪೇಪರ್ ಓದುತ್ತಿದ್ದರು.

“ಬೇಗ ಬಂದ್ಬಿಟ್ರಾ ಸರ್?” ಎಂದೆ.

“ಇಲ್ಲ, ಇದೀಗ ಬಂದೆ,” ಎಂದರು. ಅವರ ಮುಂದಿದ್ದ ಎರಡು ಖಾಲಿ ಕಾಫಿ ಲೋಟಗಳು ಏನೂ ಹೇಳಲಿಲ್ಲ.

ಹೊರಗಿನ ಪರೀಕ್ಷಕರ ಹೆಸರು ಲಕ್ಷ್ಮೀಶ. ಸಣ್ಣ ಆಳು, ಬೇರೊಂದು ಕಾಲೇಜಿನವರು, ಕೇಳಿಸಿಕೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ವಾಣಿ ಮೇಡಂ ಅವರ ಒಂದು ಬದಿಗೆ, ಚಿದಂಬರ ಸರ್ ಎರಡು ಬ್ಯಾಗುಗಳ ಆಚೆ ಕೂತರು. ಹಿಂದೆ ನಮ್ಮ ತರಗತಿಯವರು. ನಾನು ಬೈಕಿನ ಹುಡುಗರ ಬಗ್ಗೆ ಹೇಳಿದೆ, ಎಲ್ಲರೂ ನಕ್ಕರು. ವಕೀಲರ ಬಗ್ಗೆ ಹೇಳಿದೆ, ಇನ್ನೂ ನಕ್ಕರು. ಮನೇಲಿ ಹೇಳ್ತಾರೆ ಎಂಬ ಮಾತು ಬಂದಾಗಲೆಲ್ಲ ಹಿಂದಿನ ಸಾಲಿನವರು ಒಟ್ಟಿಗೆ ಹೇಳತೊಡಗಿದರು. ಚಿದಂಬರ ಸರ್ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು. ಓದಿದ ಮನುಷ್ಯ ತನ್ನ ಭಯವನ್ನು ಮನೆಯ ಹೆಂಗಸರ ಹೆಸರಿನಲ್ಲಿ ಸಾಕುತ್ತಾನೆ ಎಂದು ಮುಗಿಸಿದೆ. ಚಪ್ಪಾಳೆ ಬಂತು.

ಲಕ್ಷ್ಮೀಶರು ಕಣ್ಣು ತೆರೆದರು.

“ಚೆನ್ನಾಗಿದೆಯಮ್ಮ. ಆದ್ರೆ ಎಲ್ಲಾ ಹೊರಗಿನವ್ರ ಕಥೆಯೇ ಆಯ್ತು. ನಾವು ಪಾಠ ಹೇಳೋರು ಇದೀವಲ್ಲ, ನಮ್ಮಲ್ಲಿ ಯಾರನ್ನೂ ನೋಡ್ಲಿಲ್ವಾ ನೀನು?”

ಇಲ್ಲ ಎಂದರೆ ಮುಗಿಯುತ್ತಿತ್ತು. ಹಿಂದಿನಿಂದ ಕಶ್ಯಪ್ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಚಿದಂಬರ ಸರ್ ಇನ್ನೂ ನಗುತ್ತಲೇ ಇದ್ದರು, ಅವರಿಗೆ ಏನೂ ಗೊತ್ತಿರಲಿಲ್ಲ. ಯಾವಾಗ ಎದ್ದು ಹೊರಡುತ್ತಾರೆ ಎನ್ನುವುದನ್ನು ನೋಡಿ ಎಂದವರು ಅವರೇ. ನೋಡಿದ್ದನ್ನು ಅವರ ಮುಂದೆ ಬಚ್ಚಿಟ್ಟರೆ ಅವರ ಹತ್ತಿರ ಕಲಿತೆ ಎನ್ನಲು ನನಗೆ ಏನೂ ಉಳಿಯುವುದಿಲ್ಲ ಅನ್ನಿಸಿತು.

“ನೋಡಿದೀನಿ ಸರ್,” ಎಂದೆ. “ಈ ಸೆಮಿಸ್ಟರ್ ಪೂರ್ತಿ ನನ್ನ ಮೆಂಟರ್ ರಾಹುಕಾಲ್ದಲ್ಲಿ ನನಗೆ ಒಂದ್ಸಲಾನೂ ಸಿಕ್ಕಿಲ್ಲ. ಇವತ್ತು ಬೇರೆ ದಾರಿ ಇರ್ಲಿಲ್ಲ. ಅದಕ್ಕೆ ಅವರ ಬ್ಯಾಗ್ ಮುಂಚೆನೇ ಬಂದು ಇಲ್ಲಿ ಕೂತಿತ್ತು. ನಮ್ಮಜ್ಜಿ ಅದನ್ನ ಪರಸ್ತಾನ ಅಂತಾರೆ.”

ವಾಣಿ ಮೇಡಂ ಬ್ಯಾಗನ್ನು ನೋಡಿದರು, ಆಮೇಲೆ ಸರ್ ಮುಖವನ್ನು ನೋಡಿದರು, ಆಮೇಲೆ ಹಲ್ಲಿನ ಡಾಕ್ಟರ ನೆನಪಾಗಿ ತಲೆ ತಗ್ಗಿಸಿದರು. ಚಿದಂಬರ ಸರ್ ಕಿವಿಯವರೆಗೂ ಕೆಂಪಾದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಮನೇಲಿ ಹೇಳ್ತಾರೆ,” ಎಂದರು ಮೆಲ್ಲಗೆ.

ನಗು ಸೂರು ಹಾರಿಹೋಗುವಂತೆ ಎದ್ದಿತು. ಸರ್ ಅದು ಇಳಿಯುವವರೆಗೂ ಸಹನೆಯಿಂದ ಕಾದರು. ಆಮೇಲೆ ತಮ್ಮ ಬ್ಯಾಗಿನ ಪಕ್ಕಕ್ಕೆ ಬೆರಳು ತೋರಿಸಿದರು.

“ಇನ್ನೊಂದು ಬ್ಯಾಗ್ ಇದೆಯಲ್ಲ, ಅದು ಯಾರ್ದು ಶ್ರೀವಿದ್ಯಾ ಅವರೇ? ಅದೂ ಮುಂಚೆನೇ ಬಂದು ಕೂತಿದೆ. ಯಜಮಾನರು ಆಮೇಲೆ ಕ್ಯಾಂಟೀನ್‌ನಲ್ಲಿ ಸಿಕ್ಕಿದ್ರು.”

ಪ್ರೊಜೆಕ್ಟರ್ ನೋಡಬೇಕಿತ್ತು ಎಂದು ಹೇಳಲು ಬಾಯಿ ತೆರೆದೆ. ಆದರೆ ಪ್ರೊಜೆಕ್ಟರ್ ನೋಡಲು ಬ್ಯಾಗನ್ನು ಬಿಟ್ಟುಹೋಗುವ ಅಗತ್ಯವೇನಿತ್ತು? ಬೆಳಿಗ್ಗೆ ಅಜ್ಜಿ ಬಾಗಿಲಲ್ಲಿ ನಿಂತು, ಅಲ್ಲಿ ಮೊದಲು ಇಟ್ಟು ಆಮೇಲೆ ಬೇಕಾದ ಕಡೆ ಹೋಗು ಎಂದಿದ್ದಳು. ನಾನು ನಕ್ಕು, ಅವಳ ಸಮಾಧಾನಕ್ಕೆ ಹೂಂ ಎಂದು, ಹಾಗೆಯೇ ಮಾಡಿದ್ದೆ.

“ಮನೇಲಿ ಹೇಳಿದ್ರು ಸರ್,” ಎಂದೆ.

ಈ ಸಲ ಲಕ್ಷ್ಮೀಶರೂ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನನಗೆ ಅವಮಾನವಾಯಿತು, ಅಳು ಬರುವಷ್ಟು. ಸರ್ ಪೆನ್ನು ತೆಗೆದು, ಎಲ್ಲರಿಗೂ ಕಾಣುವಂತೆ, ಅಂಕದ ಹಾಳೆಯಲ್ಲಿ ಏನೋ ಬರೆದು ವಾಣಿ ಮೇಡಂಗೆ ದಾಟಿಸಿದರು. ‘ಸ್ವಂತ ಜವಾಬ್ದಾರಿಯ ನಿರ್ವಹಣೆ’ ಎಂಬ ಸಾಲಿನಲ್ಲಿ ಪೂರ್ತಿ ಅಂಕ ಬಿದ್ದಿದೆ ಎಂದು ಮೇಡಂ ಆಮೇಲೆ ಪಿಸುಗುಟ್ಟಿದರು. ‘ವಸ್ತುನಿಷ್ಠತೆ’ಯಲ್ಲಿ ಅರ್ಧ ಕಿತ್ತಿದ್ದರಂತೆ. ಅದು ನ್ಯಾಯವೇ.

ಮುಂದಿನ ಮಂಡನೆಗೆ ಬೇರೆ ಕೋಣೆ ಗೊತ್ತಾಗಿತ್ತು, ಎಲ್ಲರೂ ಎದ್ದು ಅಲ್ಲಿಗೆ ನಡೆದರು. ನಾನು ನನ್ನ ಬ್ಯಾಗ್ ತೆಗೆದುಕೊಂಡೆ, ಸರ್ ತಮ್ಮದನ್ನು ತೆಗೆದುಕೊಂಡರು. ಇಬ್ಬರೂ ಗೋಡೆಯ ಗಡಿಯಾರ ನೋಡಿದೆವು. ಹನ್ನೆರಡಾಗಿರಲಿಲ್ಲ.

“ಕೊನೇ ಅಧ್ಯಾಯದ ಬಗ್ಗೆ ಸ್ವಲ್ಪ ಮಾತಾಡೋದಿತ್ತು,” ಎಂದರು ಸರ್.

“ನನಗೂ ಒಂದೆರಡು ಡೌಟ್ ಇತ್ತು ಸರ್,” ಎಂದೆ.

ಮತ್ತೆ ಕೂತೆವು. ಕೊನೆಯ ಅಧ್ಯಾಯದ ಮಾತು ಇಬ್ಬರೂ ಎತ್ತಲಿಲ್ಲ. ಅವರ ಮೇಲಿನ ಸಿಟ್ಟು ನನ್ನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಅದಕ್ಕೇ ಇರಬೇಕು, ಅಷ್ಟು ಹೊತ್ತಿಗೆ ಹೊಳೆದ ಪ್ರಶ್ನೆಯನ್ನು ಹಾಗೆಯೇ ಕೇಳಿಬಿಟ್ಟೆ.

“ಸರ್, ನನಗೆ ನಮ್ಮಜ್ಜಿ ಹೇಳ್ತಾರೆ. ನಿಮ್ಮನೇಲಿ ಯಾರು ಹೇಳೋದು?”

ಕೇಳಿದ ತಕ್ಷಣ ಕೇಳಬಾರದಿತ್ತು ಅನ್ನಿಸಿತು. ಅವರು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಡಿಕೆಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಮೇಷ್ಟರ ಕೈ ಹಾಕಿದ ಹೊಲಿಗೆಯಲ್ಲ ಅದು, ಮನೆಯಲ್ಲಿ ರವಿಕೆಗೆ ಹಾಕುವಂಥ ಒತ್ತಾದ ಹೊಲಿಗೆ.

“ಅಮ್ಮ,” ಎಂದರು. “ಇದ್ದಾಗ ಒಂದಿನಾನೂ ಅವರ ಮಾತು ಕೇಳ್ಲಿಲ್ಲ ನಾನು. ಬಾಗಿಲಲ್ಲಿ ಅಡ್ಡ ನಿಂತ್ರೆ ಹಿಂದಿನಿಂದ ಹೋಗ್ತಿದ್ದೆ. ಈಗ ಬಾಗ್ಲು ಖಾಲಿ ಇರುತ್ತೆ ನೋಡಿ, ಆಚೆ ಕಾಲಿಡೋಕ್ಕಾಗಲ್ಲ.”

ಪ್ರಶ್ನೆ ಕೇಳುವುದು ವಿದ್ಯಾರ್ಥಿಯ ಜವಾಬ್ದಾರಿ. ನನ್ನದು ಅಲ್ಲಿಗೆ ಮುಗಿದಿತ್ತು. ನನ್ನ ಬ್ಯಾಗನ್ನು ಮತ್ತೆ ಕುರ್ಚಿಯ ಮೇಲಿಟ್ಟು, ಹನ್ನೆರಡಾಗುವವರೆಗೂ ಅವರ ಪಕ್ಕದಲ್ಲಿ ಕೂತಿದ್ದೆ.